ಚನ್ನಪಟ್ಟಣದ ಉಕ್ಕಿನ ತಂತಿ

1800ರ ಮೇ ತಿಂಗಳು. ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನ ಮಡಿದು ಒಂದು ವರ್ಷ ಕಳೆದಿತ್ತು. ಕೈಗೆ ಬಂದ ಮೈಸೂರು ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಯಾವ ಊರಿನ ಕಸುಬು ಯಾವುದು ಎಂದು ನೋಡಿ ಬರೆದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಸ್ಕಾಟಿಷ್ ವೈದ್ಯನನ್ನು ನೇಮಿಸಿದ್ದ. ಆತನೇ ಫ್ರಾನ್ಸಿಸ್ ಬುಕಾನನ್. ಏಪ್ರಿಲ್ ಕೊನೆಯಲ್ಲಿ ಮದರಾಸು ಬಿಟ್ಟವನು ಬೆಂಗಳೂರು ದಾಟಿ, ಬಿಡದಿ, ರಾಮಗಿರಿಗಳನ್ನು ಹಾದು ಚನ್ನಪಟ್ಟಣಕ್ಕೆ ಬಂದ.

ಬುಕಾನನ್‌ಗೆ ಕಂಡದ್ದನ್ನೆಲ್ಲ ಅಂದಂದೇ ದಿನಚರಿಗೆ ಇಳಿಸುವ ಅಭ್ಯಾಸ. ಚನ್ನಪಟ್ಟಣದಲ್ಲಿ ಗಾಜಿನ ಕೆಲಸ ನೋಡಿದ, ಸಕ್ಕರೆ ಮಾಡುವವರ ವಿಷಯ ಬರೆದ. ಅದರ ಜೊತೆಗೇ ಇನ್ನೊಂದು ಕಸುಬನ್ನೂ ಗುರುತು ಹಾಕಿಕೊಂಡ: ಇಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಮಾಡುತ್ತಾರೆ, ಅದಕ್ಕೆ ದೊಡ್ಡ ಹೆಸರಿದೆ, ದೂರದೂರದ ಊರುಗಳಿಗೆ ಹೋಗುತ್ತದೆ. ಇಷ್ಟು ಬರೆದು ಮುಂದಿನ ಊರಿನ ದಾರಿ ಹಿಡಿದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆ ಸಾವಿರಾರು ಸಾಲುಗಳ ನಡುವೆ ಚನ್ನಪಟ್ಟಣದ ತಂತಿ ಸದ್ದಿಲ್ಲದೆ ಕೂತಿತು.

ಮುಂದೆ ಬಿ.ಎಲ್. ರೈಸ್ ಮೈಸೂರು ಗೆಜೆಟಿಯರ್ ಬರೆದಾಗಲೂ ಈ ತಂತಿ ಅಲ್ಲೇ ಇತ್ತು. ಜಗದೇವರಾಯ ಕಟ್ಟಿಸಿದ ಕೋಟೆಯ ಪಕ್ಕದ ಶುಕ್ರವಾರಪೇಟೆಯಲ್ಲಿ ಅರಗಿನ ಸಾಮಾನು, ಆಟಿಕೆ, ವಾದ್ಯಗಳ ಸಣ್ಣ ಉಕ್ಕಿನ ತಂತಿ, ಗಾಜಿನ ಬಳೆ ತಯಾರಾಗುತ್ತವೆ ಎಂದು ಆತ ದಾಖಲಿಸಿದ್ದಾನೆ. ಈ ನಾಲ್ಕರಲ್ಲಿ ಆಟಿಕೆ ಉಳಿಯಿತು, ಬೆಳೆಯಿತು, ಭೌಗೋಳಿಕ ಗುರುತಿನ ಮುದ್ರೆಯನ್ನೂ ಪಡೆಯಿತು. ಇಂದು ಚನ್ನಪಟ್ಟಣ ಎಂದರೆ ಹಾಲೆ ಮರದ ಬುಗುರಿ, ಬಣ್ಣದ ಗೊಂಬೆ. ವೀಣೆಯ ನಾದಕ್ಕೆ ಉಕ್ಕು ಕೊಟ್ಟ ಊರು ಇದು ಎಂಬುದು ಊರಿನವರಿಗೂ ಮರೆತುಹೋಗಿದೆ.

ತಂತಿ ತಾನೇ, ಅದರಲ್ಲೇನು ಆವಿಷ್ಕಾರ ಎಂದು ಕೇಳಬಹುದು. ಕಬ್ಬಿಣ ಕಾಯಿಸಿ ಎಳೆದರೆ ತಂತಿಯಾಗುವುದಿಲ್ಲವೇ? ಆಗುತ್ತದೆ. ಆದರೆ ಬೇಲಿ ಕಟ್ಟುವ ತಂತಿ ಬೇರೆ, ಶ್ರುತಿಗೆ ನಿಲ್ಲುವ ತಂತಿ ಬೇರೆ. ಎರಡರ ನಡುವಿನ ಅಂತರವನ್ನು ದಾಟಿದ್ದೇ ಈ ಕತೆ.

ಕುದುರೆಯ ಬಾಲ, ಕುರಿಯ ಕರುಳು

ಮೊದಲು ಬಹು ದೂರದ ಒಂದು ನಾಡಿಗೆ ಹೋಗಿ ಬರೋಣ. ಮಂಗೋಲಿಯಾದ ಬಡಗಣ ಗಡಿಗೆ ಒತ್ತಿಕೊಂಡು ರಷ್ಯಾದ ತೂವಾ ಎಂಬ ಪ್ರಾಂತ್ಯವಿದೆ. ಕುದುರೆ, ಕುರಿ, ಯಾಕ್‌ಗಳನ್ನು ಮೇಯಿಸಿಕೊಂಡು ಬಾಳಿದ ಜನ. ಅವರ ಮುಖ್ಯ ವಾದ್ಯ ಇಗಿಲ್. ಮರವನ್ನು ತೋಡಿ ಮಾಡಿದ ಒಡಲು, ಅದರ ಮೇಲೆ ಬಿಗಿದ ತೊಗಲು, ಉದ್ದನೆಯ ಕುತ್ತಿಗೆ, ತುದಿಯಲ್ಲಿ ಕೆತ್ತಿದ ಕುದುರೆಯ ತಲೆ. ಎರಡೇ ತಂತಿ, ಎರಡೂ ಕುದುರೆ ಬಾಲದ ಕೂದಲಿನ ಕಂತೆ. ಅದನ್ನು ಉಜ್ಜುವ ಕಮಾನಿಗೂ ಅದೇ ಕೂದಲು.

ಇಗಿಲ್ ಹೇಗೆ ಹುಟ್ಟಿತು ಎಂಬುದಕ್ಕೆ ತೂವಾದಲ್ಲಿ ಒಂದು ಕತೆಯಿದೆ. ಒಸ್ಕುಸ್-ಓಲ್ ಎಂಬ ಅನಾಥ ಹುಡುಗ ಬಡಕಲು ಮರಿಯೊಂದನ್ನು ಸಾಕಿ ಓಟದ ಕುದುರೆ ಮಾಡುತ್ತಾನೆ. ಅದು ಸೀಮೆಯ ಒಡೆಯನ ಕುದುರೆಗಳನ್ನೆಲ್ಲ ಸೋಲಿಸುತ್ತದೆ. ಹೊಟ್ಟೆಯುರಿದ ಒಡೆಯ ಅದನ್ನು ಕೊಲ್ಲಿಸುತ್ತಾನೆ. ಅಳುತ್ತ ಮಲಗಿದ ಹುಡುಗನ ಕನಸಿನಲ್ಲಿ ಕುದುರೆ ಬಂದು, ನನ್ನ ಬಾಲದ ಕೂದಲಿನಿಂದ ತಂತಿ ಮಾಡು, ನನ್ನ ತೊಗಲನ್ನು ಹೊದಿಸು, ಮರದಲ್ಲಿ ನನ್ನ ತಲೆ ಕೆತ್ತಿ ನುಡಿಸು ಎನ್ನುತ್ತದೆ. ಹುಡುಗ ಹಾಗೇ ಮಾಡುತ್ತಾನೆ.

ಕತೆಯನ್ನು ಪಕ್ಕಕ್ಕಿಟ್ಟು ವಸ್ತುವನ್ನು ನೋಡಿದರೆ ವಿಷಯ ಸರಳ. ಕುದುರೆ ಸಾಕುವವರಿಗೆ ಕುದುರೆಯ ಕೂದಲೇ ತಂತಿ. ಯೂರೋಪಿನವರು ಕುರಿಯ ಕರುಳನ್ನು ತೊಳೆದು, ಸೀಳಿ, ಹುರಿ ಮಾಡಿ ಪಿಟೀಲಿಗೆ ಕಟ್ಟಿದರು. ನಮ್ಮ ಉತ್ತರದ ಸಾರಂಗಿಯ ಮುಖ್ಯ ತಂತಿಗಳೂ ಕರುಳಿನವೇ. ರೇಷ್ಮೆಯ ತವರಾದ ಚೀನಾದಲ್ಲಿ ಚಿನ್ ಎಂಬ ಹಳೆಯ ವಾದ್ಯಕ್ಕೆ ರೇಷ್ಮೆ ಹುರಿಯೇ ತಂತಿಯಾಯಿತು. ಯಾವ ನಾಡಿನಲ್ಲಿ ಏನು ಕೈಗೆ ಸಿಕ್ಕಿತೋ ಅದರಲ್ಲೇ ನಾದ ಹುಡುಕಿದರು.

ಇವುಗಳಲ್ಲಿ ಇಗಿಲ್, ಪಿಟೀಲು, ಸಾರಂಗಿ ಮೂರೂ ಕಮಾನಿನಿಂದ ಉಜ್ಜುವ ವಾದ್ಯಗಳು. ಕಮಾನು ಎಳೆಯುವವರೆಗೂ ತಂತಿಗೆ ಬಲ ಹೋಗುತ್ತಲೇ ಇರುತ್ತದೆ. ತಂತಿ ಮೆತ್ತಗಿದ್ದು ನಾದವನ್ನು ಬೇಗ ನುಂಗಿದರೂ ಚಿಂತೆಯಿಲ್ಲ, ಕಮಾನು ಮತ್ತೆ ತುಂಬಿಕೊಡುತ್ತದೆ. ವೀಣೆಗೆ ಆ ಅನುಕೂಲ ಇಲ್ಲ. ಬೆರಳು ಒಮ್ಮೆ ಮೀಟಿ ಬಿಟ್ಟರೆ ಮುಗಿಯಿತು, ಆಮೇಲಿನ ಗಮಕವೆಲ್ಲ ಆ ಒಂದು ಮೀಟಿನ ಬಲದಲ್ಲೇ ನಡೆಯಬೇಕು. ಕರುಳೋ ಕೂದಲೋ ಆದರೆ ಗಮಕ ಅರ್ಧ ದಾರಿಯಲ್ಲೇ ನಿಂತುಹೋಗುತ್ತದೆ. ಲೋಹದ ತಂತಿಯಲ್ಲಿ ಕಂಪನ ಬಹಳ ಹೊತ್ತು ಉಳಿಯುತ್ತದೆ. ಮೀಟುವ ವಾದ್ಯವನ್ನು ಮೆಚ್ಚಿದ ನಾಡಿಗೆ ಲೋಹ ಬೇಕಾದದ್ದು ಹೀಗೆ.

ಯಾವ ಲೋಹ?

ಹಿತ್ತಾಳೆ ಎಳೆಯಲು ಸುಲಭ, ಮಂದ್ರಕ್ಕೆ ಚೆನ್ನ. ಮೇಲಿನ ಸ್ಥಾಯಿಗೆ ಬಿಗಿದರೆ ಹರಿಯುತ್ತದೆ. ಇದರ ಕಾರಣವನ್ನು ಗಣಿತದಲ್ಲಿ ಹೇಳಿದವನು ಮರೆನ್ ಮೆರ್ಸೆನ್ ಎಂಬ ಫ್ರೆಂಚ್ ಪಾದ್ರಿ. 1636ರ ಸುಮಾರಿಗೆ ಪ್ರಕಟವಾದ ಅವನ ಸಂಗೀತ ಗ್ರಂಥದಲ್ಲಿ ತಂತಿಯ ನಿಯಮಗಳಿವೆ. ತಂತಿ ಗಿಡ್ಡವಾದಷ್ಟೂ ಸ್ವರ ಏರುತ್ತದೆ, ಬಿಗಿದಷ್ಟೂ ಏರುತ್ತದೆ, ತೂಕ ಹೆಚ್ಚಿದಷ್ಟೂ ಇಳಿಯುತ್ತದೆ. ಬಿಗಿಯ ಲೆಕ್ಕ ವರ್ಗದಲ್ಲಿ ನಡೆಯುತ್ತದೆ: ಸ್ವರವನ್ನು ಒಂದು ಸ್ಥಾಯಿ ಏರಿಸಿ ಎರಡರಷ್ಟು ಮಾಡಬೇಕಾದರೆ ಬಿಗಿಯನ್ನು ನಾಲ್ಕರಷ್ಟು ಮಾಡಬೇಕು.

ಈ ನಿಯಮದಿಂದ ಒಂದು ವಿಚಿತ್ರ ಸಂಗತಿ ಹೊರಡುತ್ತದೆ. ವಾದ್ಯದ ಉದ್ದ ಗೊತ್ತಾಯಿತು, ಏರಬೇಕಾದ ಶ್ರುತಿಯೂ ಗೊತ್ತಾಯಿತು ಎಂದರೆ, ತಂತಿ ಹರಿಯುತ್ತದೋ ಉಳಿಯುತ್ತದೋ ಎಂಬುದಕ್ಕೂ ಅದರ ದಪ್ಪಕ್ಕೂ ಸಂಬಂಧವೇ ಇಲ್ಲ. ದಪ್ಪ ತಂತಿ ಹೆಚ್ಚು ಭಾರ ತಡೆಯುತ್ತದೆ ನಿಜ. ಆದರೆ ಅದರ ತೂಕವೂ ಅಷ್ಟೇ ಹೆಚ್ಚಾದ್ದರಿಂದ ಅಷ್ಟೇ ಹೆಚ್ಚು ಬಿಗಿಯಬೇಕಾಗುತ್ತದೆ. ಲಾಭ ನಷ್ಟ ಸರಿಹೋಗುತ್ತದೆ. ಕೊನೆಗೆ ಲೆಕ್ಕಕ್ಕೆ ಬರುವುದು ಒಂದೇ: ವಸ್ತುವಿನ ಗಟ್ಟಿತನವನ್ನು ಅದರ ಸಾಂದ್ರತೆಯಿಂದ ಭಾಗಿಸಿದರೆ ಎಷ್ಟು ಬರುತ್ತದೆ?

ಕರುಳಿನ ಸಾಂದ್ರತೆ ನೀರಿಗಿಂತ ಸುಮಾರು 1.3 ಪಟ್ಟು, ಕಬ್ಬಿಣದ್ದು 7.8 ಪಟ್ಟು. ಅಂದರೆ ಕರುಳಿನ ತಂತಿ ಏರುವ ಸ್ವರಕ್ಕೆ ಕಬ್ಬಿಣವೂ ಏರಬೇಕಾದರೆ ಅದು ಕರುಳಿಗಿಂತ ಆರು ಪಟ್ಟು ಗಟ್ಟಿಯಾಗಿರಬೇಕು. ಕುಲುಮೆಯಿಂದ ಬಂದ ಮೆದು ಕಬ್ಬಿಣಕ್ಕೆ ಆ ಶಕ್ತಿ ಇಲ್ಲ. ಅದನ್ನು ಎಷ್ಟು ದಪ್ಪ ಮಾಡಿದರೂ, ಎಷ್ಟು ತೆಳ್ಳಗೆ ಮಾಡಿದರೂ, ಬೇಕಾದ ಶ್ರುತಿಗೆ ಬರುವ ಮೊದಲೇ ಪಟ್ಟೆಂದು ಹರಿಯುತ್ತದೆ. ದಪ್ಪ ಬದಲಿಸಿ ಗೆಲ್ಲುವ ಆಟ ಇದಲ್ಲ. ವಸ್ತುವನ್ನೇ ಬದಲಿಸಬೇಕು.

ವೀಣೆ ಇನ್ನೂ ಒಂದು ಹೊರೆ ಹೇರುತ್ತದೆ. ವೈಣಿಕರು ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮುಂದಿನ ಸ್ವರಗಳನ್ನು ತೆಗೆಯುತ್ತಾರೆ. ಷಡ್ಜದ ಮೆಟ್ಟಿಲಲ್ಲಿ ಬೆರಳಿಟ್ಟು ಅಂತರ ಗಾಂಧಾರದವರೆಗೆ ಎಳೆದರೆ ತಂತಿಯ ಮೇಲಿನ ಬಿಗಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಶುದ್ಧ ಮಧ್ಯಮದವರೆಗೆ ಹೋದರೆ ಹತ್ತಿರ ಹತ್ತಿರ 1.8 ಪಟ್ಟು. ಎಂದರೆ ಶ್ರುತಿ ಮಾಡಿ ನಿಲ್ಲಿಸಿದ ತಂತಿಯಲ್ಲಿ ಇನ್ನೂ ಅಷ್ಟೇ ಬಲ ಮೀಸಲಿರಬೇಕು. ಎಳೆದು ಬಿಟ್ಟ ಮೇಲೆ ಹಿಗ್ಗದೆ ಮೊದಲಿನ ಶ್ರುತಿಗೇ ಮರಳಬೇಕು. ಒಂದು ಕಚೇರಿಯಲ್ಲಿ ಇದು ಸಾವಿರ ಸಲ ನಡೆಯುತ್ತದೆ. ಸಾರಣಿ ಮತ್ತು ಪಂಚಮಕ್ಕೆ ಉಕ್ಕು, ಮಂದ್ರ ಅನುಮಂದ್ರಗಳಿಗೆ ಹಿತ್ತಾಳೆ, ತಾಳದ ಮೂರಕ್ಕೂ ಉಕ್ಕು ಎಂಬ ಏರ್ಪಾಡು ಈ ಅಗತ್ಯದಿಂದಲೇ ಬಂದದ್ದು.

ಮೆರ್ಸೆನ್‌ನ ಪುಸ್ತಕ ಚನ್ನಪಟ್ಟಣಕ್ಕೆ ಬಂದಿರಲಿಲ್ಲ. ಅಲ್ಲಿನ ತಂತಿಗಾರರಿಗೆ ವರ್ಗದ ಲೆಕ್ಕ ಬೇಕಾಗಿಯೂ ಇರಲಿಲ್ಲ. ಹರಿದ ತಂತಿಯನ್ನು ವಾಪಸ್ ತಂದು ಮುಂದಿಡುವ ಗಿರಾಕಿಗಿಂತ ದೊಡ್ಡ ಪರೀಕ್ಷಕ ಯಾರು?

ಮೂಸೆಯೊಳಗೆ

ಮೊದಲ ಹೆಜ್ಜೆ ಉಕ್ಕು. ಕಬ್ಬಿಣಕ್ಕೆ ಹದವಾಗಿ ಇಂಗಾಲ ಸೇರಿದರೆ ಉಕ್ಕು. ಇದಕ್ಕೆ ಮೈಸೂರು ಸೀಮೆ ಹೊಸದಲ್ಲ. ಮಳೆಗಾಲದ ಹಳ್ಳಗಳು ಬೆಟ್ಟದಿಂದ ಕೊಚ್ಚಿ ತರುವ ಕರಿ ಮರಳನ್ನು ತೊಳೆದು, ಇದ್ದಿಲ ಜೊತೆ ಮಣ್ಣಿನ ಒಲೆಗೆ ಸುರಿದು, ತಿದಿಯೊತ್ತಿ ಕಬ್ಬಿಣ ತೆಗೆಯುವವರು ಹಲವು ತಾಲ್ಲೂಕುಗಳಲ್ಲಿದ್ದರು. ಚನ್ನಪಟ್ಟಣದ ನೆರೆಯ ಮಾಗಡಿ ತಾಲ್ಲೂಕು ಅವುಗಳಲ್ಲಿ ಒಂದು. ಕಾಡು ಇತ್ತು, ಆದ್ದರಿಂದ ಇದ್ದಿಲು ಇತ್ತು.

ಹೀಗೆ ಬಂದ ಕಬ್ಬಿಣ ಒಲೆಯಲ್ಲಿ ಪೂರ್ತಿ ಕರಗಿರುವುದಿಲ್ಲ. ಅಂಟು ಮುದ್ದೆಯಾಗಿ ಹೊರಬರುತ್ತದೆ, ಮೈಯೆಲ್ಲ ಕಿಟ್ಟ. ಬಡಿದು ಬಡಿದು ಕಿಟ್ಟ ತೆಗೆದರೂ ಒಳಗೆ ಎಳೆ ಎಳೆಯಾಗಿ ಸ್ವಲ್ಪ ಉಳಿದೇ ಉಳಿಯುತ್ತದೆ. ಗುದ್ದಲಿಗೆ, ನೇಗಿಲ ಕುಳಕ್ಕೆ ಇದರಿಂದ ತೊಂದರೆಯಿಲ್ಲ. ಕೂದಲಿನಂಥ ತಂತಿಗೆ ಇದೇ ಮೃತ್ಯು: ಕಿಟ್ಟದ ಒಂದು ಕಣ ಎಲ್ಲಿದೆಯೋ ಅಲ್ಲೇ ತಂತಿ ಹರಿಯುತ್ತದೆ.

ಪರಿಹಾರ ಮೂಸೆಯಲ್ಲಿತ್ತು. ಮೈಸೂರು ಸೀಮೆಯ ಉಕ್ಕಿನ ಕೆಲಸವನ್ನು ಬುಕಾನನ್ ಕಣ್ಣಾರೆ ಕಂಡು ವಿವರವಾಗಿ ಬರೆದಿದ್ದಾನೆ. ಸುಡದ ಮಣ್ಣಿನ, ಶಂಕುವಿನಾಕಾರದ ಸಣ್ಣ ಮೂಸೆ. ಅದರೊಳಗೆ ಒಂದು ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಬಳ್ಳಿಯೊಂದರ ಎರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಇಂಥ ಹಲವು ಮೂಸೆಗಳನ್ನು ಒಲೆಯಲ್ಲಿ ಜೋಡಿಸಿ, ಇದ್ದಿಲು ಮುಚ್ಚಿ ತಿದಿಯೊತ್ತುವುದು. ಕಡ್ಡಿ ಎಲೆಗಳು ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಇಳಿಯುತ್ತವೆ. ಇಂಗಾಲ ಸೇರಿದಂತೆ ಕಬ್ಬಿಣ ಕರಗುವ ಉಷ್ಣತೆಯೂ ಇಳಿಯುತ್ತದೆ. ಬರಿ ಕಬ್ಬಿಣ ಕರಗಲು 1,538 ಡಿಗ್ರಿ ಬೇಕು, ಮಣ್ಣಿನ ಒಲೆಗೆ ಅದು ನಿಲುಕದು. ಇಂಗಾಲ ಹೀರಿದ ಕಬ್ಬಿಣ ಅದಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೇ ಕರಗತೊಡಗುತ್ತದೆ. ಕರಗಿದರೆ ಕಿಟ್ಟ ತೇಲಿ ಮೇಲೆ ಬಂತು, ಕೆಳಗೆ ಅಪ್ಪಟ ಉಕ್ಕಿನ ಗಟ್ಟಿ ನಿಂತಿತು.

ಇಂಗ್ಲೆಂಡಿನಲ್ಲಿ ಇದೇ ದಾರಿಯನ್ನು 1740ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಹಿಡಿದ. ಅವನು ಗಡಿಯಾರ ಮಾಡುವವನು. ಗಡಿಯಾರದ ಸಣ್ಣ ಸ್ಪ್ರಿಂಗು ಕಿಟ್ಟದ ದೆಸೆಯಿಂದ ಮುರಿಯುತ್ತಿತ್ತು. ಬೇಸತ್ತು ಶೆಫೀಲ್ಡ್ ಬಳಿ ಮೂಸೆಯಲ್ಲಿ ಉಕ್ಕು ಕರಗಿಸಿದ. ಸಣ್ಣದು, ಬಳುಕುವಂಥದ್ದು, ಮುರಿಯದಂಥದ್ದು ಬೇಕು ಎಂದವರೇ ಎರಡು ನಾಡುಗಳಲ್ಲೂ ಒಳ್ಳೆಯ ಉಕ್ಕಿಗಾಗಿ ಹಟ ಹಿಡಿದವರು.

ಭಾರತದ ಮೂಸೆಯುಕ್ಕಿನ ಕೀರ್ತಿ ಅಷ್ಟರಲ್ಲಿ ಲಂಡನ್ ಮುಟ್ಟಿತ್ತು. ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟ್ 1790ರ ದಶಕದಲ್ಲಿ ಅದರ ಗಟ್ಟಿಗಳನ್ನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಪರೀಕ್ಷೆಯ ವರದಿ ಪ್ರಕಟಿಸಿದ. ಮುಂದೆ ಮೈಕೆಲ್ ಫ್ಯಾರಡೆಯಂಥ ಮೇಧಾವಿಯೂ ಅದರ ಬೆನ್ನುಬಿದ್ದು, ಅದರ ಗುಣಕ್ಕೆ ಅಲ್ಯುಮಿನಾ ಮತ್ತು ಸಿಲಿಕಾ ಕಾರಣವೆಂದು ತಪ್ಪಾಗಿ ಬಗೆದ. ಗುಟ್ಟು ಇದ್ದದ್ದು ಇಂಗಾಲದಲ್ಲಿ, ನೂರಕ್ಕೆ ಒಂದರಿಂದ ಎರಡು ಪಾಲು. ತಂಗಡಿ ಕಡ್ಡಿಯನ್ನು ರೂಪಾಯಿ ತೂಕ ಹಾಕಿ ಅಳೆದು ಹಾಕುತ್ತಿದ್ದವರ ಕೈಗೆ ಅದು ಮೊದಲೇ ಗೊತ್ತಿತ್ತು.

ಎಳೆಯುವ ಹದ

ಉಕ್ಕು ಸಿಕ್ಕಿತು ಎಂದರೆ ತಂತಿ ಸಿಕ್ಕಿದಂತಲ್ಲ. ಇಲ್ಲಿ ಎರಡನೆಯ ಗಂಟು. ಇಂಗಾಲ ಜಾಸ್ತಿಯಿರುವ ಉಕ್ಕು ಗಟ್ಟಿ, ಆದರೆ ಪೆಡಸು. ಕತ್ತಿ ಮಾಡಬಹುದು, ಉಳಿ ಮಾಡಬಹುದು. ಎಳೆಯ ಹೋದರೆ ಸೀಳುತ್ತದೆ. ಯೂರೋಪಿನ ಕಮ್ಮಾರರು ಮೂಸೆಯುಕ್ಕನ್ನು ಮಾಮೂಲಿ ಕಬ್ಬಿಣದಂತೆ ಬೆಳ್ಳಗೆ ಕಾಯಿಸಿ ಬಡಿದಾಗ ಅದು ಪುಡಿಪುಡಿಯಾಯಿತು. ಕಡಿಮೆ ಶಾಖದಲ್ಲಿ, ನಸುಗೆಂಪಿನಲ್ಲಿ, ತಾಳ್ಮೆಯಿಂದ ಬಡಿದರೆ ಮಾತ್ರ ಅದು ಮಾತು ಕೇಳುತ್ತದೆ. ಬಹಳ ಹೊತ್ತು ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಇನ್ನಷ್ಟು ಮೆತ್ತಗಾಗುತ್ತದೆ.

ಅಡಿಗಲ್ಲಿನ ಮೇಲೆ ಸಣ್ಣ ಸರಳಾಗಿ ಬಡಿದ ಉಕ್ಕನ್ನು ಆಮೇಲೆ ತೂತಿನ ಪಟ್ಟಿಗೆ ಕೊಡಬೇಕು. ಗಟ್ಟಿ ಉಕ್ಕಿನ ಪಟ್ಟಿಯಲ್ಲಿ ಒಂದಕ್ಕಿಂತ ಒಂದು ಸಣ್ಣದಾದ ತೂತುಗಳ ಸಾಲು. ಸರಳಿನ ತುದಿ ಚೂಪು ಮಾಡಿ, ಎಣ್ಣೆ ಸವರಿ, ತೂತಿಗೆ ತೂರಿಸಿ ಆಚೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯುವುದು. ಅಕ್ಕಸಾಲಿಗರು ಚಿನ್ನ ಬೆಳ್ಳಿಯ ತಂತಿ ಎಳೆಯುವುದೂ ಹೀಗೇ. ಮೂರು ಮಿಲಿಮೀಟರ್ ದಪ್ಪದ ಸರಳು ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲಿನ ತಂತಿಯಾಗುವ ಹೊತ್ತಿಗೆ ಅದರ ಉದ್ದ ನೂರು ಪಟ್ಟಾಗಿರುತ್ತದೆ. ಒಂದು ಮೊಳ ನೂರು ಮೊಳವಾಗುತ್ತದೆ. ವೀಣೆಯ ಉಕ್ಕಿನ ತಂತಿ ಹೆಚ್ಚು ಕಡಿಮೆ ಇಷ್ಟೇ ಸಣ್ಣ.

ಪ್ರತಿ ತೂತು ದಾಟಿದಾಗಲೂ ತಂತಿ ಗಡುಸಾಗುತ್ತ ಹೋಗುತ್ತದೆ. ಉಕ್ಕಿನ ಒಳಗಿನ ಹರಳುಗಳು ಎಳೆತದ ದಿಕ್ಕಿಗೆ ನೀಳವಾಗಿ, ಒಂದಕ್ಕೊಂದು ಬಿಗಿದುಕೊಂಡು, ಮುಂದೆ ಜಾರಲು ಒಪ್ಪುವುದಿಲ್ಲ. ನಾಲ್ಕಾರು ತೂತಾದ ಮೇಲೆ ತಂತಿ ಹರಿಯುವ ಸೂಚನೆ ಕೊಡುತ್ತದೆ. ಆಗ ಮತ್ತೆ ಕೆಂಡಕ್ಕೆ ಹಿಡಿದು ಮೆತ್ತಗೆ ಮಾಡಬೇಕು, ಮತ್ತೆ ಎಳೆಯಬೇಕು. ಹಾಗೆಂದು ಕೊನೆಗೂ ಮೆತ್ತಗೆ ಮಾಡಿಬಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ. ಕೊನೆಯ ಕೆಲವು ಎಳೆತಗಳನ್ನು ಕಾಯಿಸದೆ ತಣ್ಣಗೇ ಮುಗಿಸಿದರೆ ಗಡಸುತನ ತಂತಿಯಲ್ಲೇ ಉಳಿಯುತ್ತದೆ. ಶ್ರುತಿಗೆ ನಿಲ್ಲುವ ಬಲ ಅದು. ಎಲ್ಲಿ ಕೊನೆಯ ಸಲ ಕಾಯಿಸಬೇಕು, ಆಮೇಲೆ ಎಷ್ಟು ತೂತು ಎಳೆಯಬೇಕು ಎಂಬ ತೀರ್ಮಾನದಲ್ಲಿ ಕಸುಬಿನ ಪ್ರಾಣವೇ ಇದೆ. ಬೇಗ ನಿಲ್ಲಿಸಿದರೆ ತಂತಿ ಹಿಗ್ಗುತ್ತದೆ, ತಡವಾದರೆ ಬಿರಡೆಗೆ ಸುತ್ತುವಾಗಲೇ ಮುರಿಯುತ್ತದೆ.

ಉಕ್ಕಿನ ತಂತಿ ಎಳೆಯುವವರು ಯಾವ ನಾಡಿನವರಾದರೂ ಈ ಹದವನ್ನು ಕಂಡುಕೊಳ್ಳಲೇಬೇಕಿತ್ತು. ಚನ್ನಪಟ್ಟಣದವರು ಕಂಡುಕೊಂಡಿದ್ದರು ಎಂಬುದಕ್ಕೆ ದೂರದೂರಿನಿಂದ ಬರುತ್ತಿದ್ದ ಬೇಡಿಕೆಯೇ ಸಾಕ್ಷಿ. ಕಂಡುಕೊಂಡವರ ಹೆಸರನ್ನು ಬುಕಾನನ್ ಕೇಳಲಿಲ್ಲ, ಗೆಜೆಟಿಯರ್ ಬರೆಯಲಿಲ್ಲ.

ರಂಜಕದ ರಹಸ್ಯ

ಯೂರೋಪಿನ ವಾದ್ಯ ತಂತಿಯ ಕತೆ ಇನ್ನೊಂದು ದಾರಿಯಲ್ಲಿ ಹೋಯಿತು. ಅಲ್ಲಿನ ಹಾರ್ಪ್ಸಿಕಾರ್ಡ್‌ನಂಥ ಕೀಲಿಮಣೆ ವಾದ್ಯಗಳಿಗೆ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಕಬ್ಬಿಣದ ತಂತಿ ಬಳಸುತ್ತಿದ್ದರು. ಹಳೆಯ ವಾದ್ಯಗಳನ್ನು ದುರಸ್ತಿ ಮಾಡುವವರು ಇಪ್ಪತ್ತನೆಯ ಶತಮಾನದಲ್ಲಿ ಅದೇ ಬಗೆಯ ಮೆದು ಕಬ್ಬಿಣದ ತಂತಿ ಕಟ್ಟಿದಾಗ ಅದು ಮೂಲ ಶ್ರುತಿಗೆ ಏರದೆ ಹರಿಯತೊಡಗಿತು. ಹಿಂದಿನವರ ತಂತಿ ಹೇಗೆ ತಡೆಯುತ್ತಿತ್ತು?

ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಲೋಹತಜ್ಞೆ ಮಾರ್ಥಾ ಗುಡ್‌ವೇ ಹಳೆಯ ವಾದ್ಯಗಳಲ್ಲಿ ಉಳಿದಿದ್ದ ತಂತಿಯ ಚೂರುಗಳನ್ನು ಪ್ರಯೋಗಾಲಯಕ್ಕೆ ತಂದರು. 1987ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಉತ್ತರ ಪ್ರಕಟವಾಯಿತು. ಆ ತಂತಿಯಲ್ಲಿ ಇಂಗಾಲ ತೀರಾ ಕಡಿಮೆ, ಅದು ಉಕ್ಕೇ ಅಲ್ಲ. ಅದರ ಬದಲು ರಂಜಕ ಇತ್ತು. ಸಾಮಾನ್ಯವಾಗಿ ಕಬ್ಬಿಣವನ್ನು ಕೆಡಿಸುತ್ತದೆ ಎಂದು ಬೈಸಿಕೊಳ್ಳುವ ರಂಜಕವೇ ತಂತಿಗೆ ಬಲ ಕೊಟ್ಟಿತ್ತು. ರಂಜಕವಿರುವ ಅದಿರನ್ನು ಆರಿಸಿದ ಕುಶಲಕರ್ಮಿಗಳಿಗೆ ರಂಜಕ ಎಂಬ ಧಾತು ಇದೆಯೆಂದೇ ಗೊತ್ತಿರಲಿಲ್ಲ.

ಯೂರೋಪಿನವರು ಉಕ್ಕಿಲ್ಲದೆ ಉಕ್ಕಿನ ಕೆಲಸ ಮಾಡಿಸಿದರು. ಚನ್ನಪಟ್ಟಣದವರು ಉಕ್ಕನ್ನೇ ಎಳೆದರು. ಯೂರೋಪಿನಲ್ಲಿ ಉಕ್ಕಿನ ವಾದ್ಯ ತಂತಿ ದೊಡ್ಡ ಪ್ರಮಾಣದಲ್ಲಿ ಗೆದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1854ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜೇಮ್ಸ್ ಹಾರ್ಸ್‌ಫಾಲ್ ಉಕ್ಕಿನ ತಂತಿಯನ್ನು ಕಾಯಿಸಿ ತಣಿಸುವ ಹೊಸ ಕ್ರಮಕ್ಕೆ ಪೇಟೆಂಟ್ ಪಡೆದ. ಪಿಯಾನೋಗೆ ಅದು ವರವಾಯಿತು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಟೆಲಿಗ್ರಾಫ್ ಕೇಬಲ್ಲಿಗೆ ಹೊದಿಸಿದ್ದೂ ಅದೇ ಕಾರ್ಖಾನೆಯ ತಂತಿ, ಸುಮಾರು 30,000 ಮೈಲಿ ಉದ್ದ.

ಅಲ್ಲಿಗೆ ಇಲ್ಲಿನ ಕೈಕಸುಬಿನ ಗತಿ ಹೇಳಬೇಕಿಲ್ಲ. ಯಂತ್ರ ಎಳೆದ ತಂತಿ ಅಗ್ಗ, ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ, ಬೇಕಾದಷ್ಟು ಸರಬರಾಜು. ಹೊರಗಿನ ಕಬ್ಬಿಣ ಬಂದು ಮೈಸೂರು ಸೀಮೆಯ ಒಲೆಗಳು ಒಂದೊಂದಾಗಿ ಆರಿದವು, ಇದ್ದಿಲು ದುಬಾರಿಯಾಯಿತು. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲು ಚನ್ನಪಟ್ಟಣದ ಮೇಲೆ ಹಾಯ್ದಾಗ ಊರಿನ ಸರಕು ಹೊರಹೋಗುವ ದಾರಿಯೂ ತೆರೆಯಿತು, ಹೊರಗಿನ ಸರಕು ಒಳಬರುವ ದಾರಿಯೂ ತೆರೆಯಿತು. ಗೊಂಬೆಗೆ ಮೊದಲನೆಯದು ಒದಗಿತು, ತಂತಿಗೆ ಎರಡನೆಯದು.

ಏಳು ತಂತಿಯ ಪಿಟೀಲು

ಕಮಾನಿನ ವಾದ್ಯಕ್ಕೆ ಕನ್ನಡನಾಡು ಏನೂ ಮಾಡಲಿಲ್ಲವೇ ಎಂದರೆ, ಮಾಡಿತು. ಬುಕಾನನ್ ಚನ್ನಪಟ್ಟಣದಲ್ಲಿ ಓಡಾಡಿದ ಆಸುಪಾಸಿನ ಕಾಲದಲ್ಲೇ ಮದರಾಸಿನ ಕಡೆ ಬಾಲುಸ್ವಾಮಿ ದೀಕ್ಷಿತರು ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸುತ್ತಿದ್ದರು. ನೂರು ವರ್ಷ ದಾಟಿದ ಮೇಲೆ ಆ ಪಿಟೀಲಿಗೆ ಮೈಸೂರಿನಲ್ಲಿ ಒಂದು ತೊಡಕು ಎದುರಾಯಿತು. ಮೈಕು ಇಲ್ಲದ ದೊಡ್ಡ ಸಭೆಗಳಲ್ಲಿ ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಟಿ. ಚೌಡಯ್ಯನವರು 1920ರ ದಶಕದಲ್ಲಿ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಒಂದೇ ಕಮಾನಿಗೆ ಜೋಡಿ ತಂತಿ ಒಟ್ಟಿಗೆ ನುಡಿದು ನಾದ ತುಂಬಿ ಬಂತು. ಮುಂದೆ ಹತ್ತೊಂಬತ್ತು ತಂತಿಯದನ್ನೂ ಮಾಡಿ ನೋಡಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಗೌರವ ಕೊಟ್ಟಿತು. ಬೆಂಗಳೂರಿನಲ್ಲಿ ಅವರ ನೆನಪಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ನಿಂತಿದೆ.

ತಂತಿಯ ಸಂಖ್ಯೆ ಹೆಚ್ಚಿಸಿದವರಿಗೆ ಭವನವಾಯಿತು, ಸರಿಯೇ ಆಯಿತು. ತಂತಿಯನ್ನೇ ಕಂಡುಹಿಡಿದವರಿಗೆ ಒಂದು ಫಲಕವೂ ಇಲ್ಲ. ಗುಡ್‌ವೇ ಮಾಡಿದ ಕೆಲಸವನ್ನು ಚನ್ನಪಟ್ಟಣದ ತಂತಿಗೂ ಮಾಡಲು ಬೇಕಾದದ್ದೆಲ್ಲ ನಮ್ಮಲ್ಲೇ ಇದೆ. ಮೂಸೆಯುಕ್ಕಿನ ಬಗ್ಗೆ ಬೆಂಗಳೂರಿನಲ್ಲೇ ಆಳವಾದ ಅಧ್ಯಯನ ನಡೆದಿದೆ. ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರ ಪುಸ್ತಕ 2004ರಲ್ಲೇ ಬಂದಿದೆ, ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯ ಮೂಸೆ ಚೂರುಗಳನ್ನು ತಜ್ಞರು ಪರೀಕ್ಷಿಸಿದ್ದಾರೆ. ಬೇಕಾಗಿರುವುದು ಒಂದು ಗೇಣು ಹಳೆಯ ತಂತಿ.

ಅದು ಇರುವ ಸಾಧ್ಯತೆ ವೀಣೆ ಪರಂಪರೆಯ ಮನೆಗಳಲ್ಲಿ. ಮೈಸೂರು, ರಾಮನಗರ, ಮಾಗಡಿ, ಕನಕಪುರ, ಎಲ್ಲೇ ಇರಲಿ, ಅಟ್ಟದ ಮೇಲಿನ ಹಳೆಯ ವೀಣೆ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ತಂತಿ ಸುರುಳಿ ಕಂಡರೆ ಗುಜರಿಗೆ ಹಾಕಬೇಡಿ. ತಿಕ್ಕಿ ತೊಳೆಯಲೂ ಬೇಡಿ. ಒಣ ಕಾಗದದಲ್ಲಿ ಸುತ್ತಿ, ವೀಣೆ ಯಾರದು, ಯಾವ ಕಾಲದ್ದು ಎಂದು ಒಂದು ಚೀಟಿ ಬರೆದಿಟ್ಟು, ಲೋಹ ಪರೀಕ್ಷೆ ಮಾಡುವ ಸಂಸ್ಥೆಗೆ ತಲುಪಿಸಿ. ಹಾಗೆಯೇ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದು ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲೇ. ಅಲ್ಲಿ ಜನಪದ ವಾದ್ಯಗಳನ್ನು ಒಪ್ಪವಾಗಿ ಜೋಡಿಸಿದ್ದಾರೆ. ಆ ವಾದ್ಯಗಳ ಪಕ್ಕದಲ್ಲಿ, ಹತ್ತು ಕಿಲೋಮೀಟರ್ ಆಚೆಯ ಊರಿನಲ್ಲಿ ಒಂದು ಕಾಲಕ್ಕೆ ಇವಕ್ಕೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿತ್ತು ಎಂದು ಎರಡು ಸಾಲಿನ ಫಲಕ ಹಾಕಿಸುವುದು ಕಷ್ಟವಲ್ಲ. ಬುಕಾನನ್ ಬರೆದದ್ದೂ ಅಷ್ಟೇ ಸಾಲು.